ಕೋಟೆಯ ಮುಂದೆ ನಲವತ್ತು ಪೊಟ್ಟಣ ಕುಸುರೆಳ್ಳು

ಸಂಕ್ರಾಂತಿಯ ಬೆಳಿಗ್ಗೆ ಸೂರತ್ ಕೋಟೆಯ ಎದುರಿನ ಕಟ್ಟೆಯ ಮೇಲೆ ನಾನು ಒಬ್ಬಳೇ ಕೂತಿದ್ದೆ. ಉಟ್ಟಿದ್ದು ಇಳಕಲ್ ಸೀರೆ. ಪಕ್ಕದಲ್ಲಿ ಸುತ್ತಿಟ್ಟ ಚಾಪೆ, ಎರಡು ದೊಡ್ಡ ಚೀಲ. ಒಂದರಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಇನ್ನೊಂದರಲ್ಲಿ ಅವ್ವ ಊರಿಂದ ಕಳಿಸಿದ ಕುಸುರೆಳ್ಳು, ನಲವತ್ತು ಪೊಟ್ಟಣ. ನಮ್ಮ ಕನ್ನಡ ಬಳಗದ ನಲವತ್ತು ಜನ ಹತ್ತು ಗಂಟೆಗೆ ಇಲ್ಲಿ ಸೇರಬೇಕಿತ್ತು. ಹತ್ತು ದಾಟಿ ಎಷ್ಟೋ ಹೊತ್ತಾಗಿತ್ತು, ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಬೀದಿಯಲ್ಲೂ ಯಾರೂ ಇರಲಿಲ್ಲ. ಚೌಕ್ ಬಜಾರ್ ಎಂದರೆ ದಿನವೂ ಕಾಲಿಡಲು ತಾವಿಲ್ಲದ ಜಾಗ. ಇವತ್ತು ಅಂಗಡಿಗಳ ಬಾಗಿಲು ಮುಚ್ಚಿ ಊರಿಗೆ ಊರೇ ಮಹಡಿ ಹತ್ತಿತ್ತು. ಒಂದೊಂದು ತಾರಸಿಗೆ ಒಂದೊಂದು ಸ್ಪೀಕರ್, ಒಂದೊಂದರಲ್ಲಿ ಒಂದೊಂದು ಹಾಡು, ಎಲ್ಲದರ ಮೇಲೆ ಆಕಾಶದ ತುಂಬ ಗಾಳಿಪಟ. ಯಾರದೋ ಪಟ ಹರಿದಾಗಲೆಲ್ಲ “ಲಪೇಟ್” ಎಂದು ಒಂದು ಓಣಿ ಕೂಗುತ್ತಿತ್ತು, ಇನ್ನೊಂದು ಓಣಿ ತಟ್ಟೆ ಬಾರಿಸುತ್ತಿತ್ತು.

ಕೋಟೆಯ ಬಾಗಿಲಲ್ಲಿದ್ದ ಕಾವಲಿನವನು ನನ್ನ ಸೀರೆಯನ್ನೂ ಚೀಲಗಳನ್ನೂ ನೋಡಿ ಹತ್ತಿರ ಬಂದ. ಇವತ್ತು ಉತ್ತರಾಯಣ, ಬೆಹನ್, ಇವತ್ತು ಯಾರು ತಾರಸಿ ಬಿಟ್ಟು ಕೆಳಗಿಳಿಯುತ್ತಾರೆ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿ, ಮತ್ತೆ ಕತ್ತೆತ್ತಿ ಆಕಾಶ ನೋಡತೊಡಗಿದ.

ನಾನು ವಿಂಧ್ಯಾ. ಬಾಗಲಕೋಟೆಯವಳು, ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಸೂರತ್‌ಗೆ ಬಂದದ್ದು ಕಳೆದ ಜೂನ್‌ನಲ್ಲಿ, ಹಾಗಾಗಿ ಈ ಊರಿನ ಜನವರಿಯನ್ನು ನಾನು ಕಂಡೇ ಇರಲಿಲ್ಲ. ನಮ್ಮ ಕಡೆ ಸಂಕ್ರಾಂತಿ ದಿನ ಯಾರೂ ಮನೆಯಲ್ಲಿ ಕೂತು ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ದಂಡೆಯ ಮೇಲೆ ಸಾಲಾಗಿ ಕೂತು ಉಂಡರೇ ಹಬ್ಬ. ಇಲ್ಲಿ ಕೋಟೆಯ ಪಕ್ಕದಲ್ಲೇ ತಾಪಿ ಹರಿಯುತ್ತಾಳೆ. ಕೋಟೆ ನೋಡೋಣ, ಹೊಳೆಯ ದಂಡೆಯಲ್ಲಿ ಊಟ ಮಾಡೋಣ ಎಂದು ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಹಾಕಿದ್ದೆ. ಟಪಟಪನೆ ಹೆಬ್ಬೆರಳುಗಳು ಎದ್ದವು. ಬೇಡ ಎಂದು ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ನಿಜ ಹೇಳಬೇಕೆಂದರೆ ಉಳಿದವರೆಲ್ಲ ಬಾರದಿದ್ದರೂ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಗಿರಿಧರ ಬಂದಿರಲಿಲ್ಲ. ನಾನು ಮತ್ತೆ ಮತ್ತೆ ರಸ್ತೆಯ ತಿರುವು ನೋಡುತ್ತಿದ್ದದ್ದು ಅದಕ್ಕೆ.

ಗಿರಿಧರ ಹಾಸನದ ಕಡೆಯವನು. ಹಜೀರಾದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಕೋಟೆಯ ಪ್ಲಾನನ್ನು ನಮ್ಮಿಬ್ಬರಿಗೆ ವಹಿಸಿದವರು ಬಳಗದ ಕಾರ್ಯದರ್ಶಿ ಪ್ರೇಮಕ್ಕ. ಎಲ್ಲಿ ಗಾಡಿ ನಿಲ್ಲಿಸುವುದು, ಎಲ್ಲಿ ನೆರಳಿದೆ, ಊಟಕ್ಕೆ ಎಲ್ಲಿ ಚಾಪೆ ಹಾಸುವುದು ಎಂದು ನೋಡಲು ಒಂದು ಶನಿವಾರ ಸಾಕಿತ್ತು. ನಾವು ಡಿಸೆಂಬರ್‌ನಿಂದ ಹಿಡಿದು ಪ್ರತಿ ಶನಿವಾರ ಹೋದೆವು. ಒಂದು ಶನಿವಾರ, ಏನಾದರೂ ಅವಘಡವಾದರೆ ಎಲ್ಲರೂ ಓಡಿ ಬಂದು ಸೇರುವ ಜಾಗವನ್ನು ಅವನು ಗುರುತಿಸಬೇಕಿತ್ತು. ಮುಂದಿನ ಶನಿವಾರ ನನಗೆ ಆ ಜಾಗ ಸರಿ ಕಾಣಲಿಲ್ಲ.

ಪೋರ್ಚುಗೀಸರ ಕಾಟ ತಡೆಯಲು ಕಟ್ಟಿದ ಕೋಟೆಯಂತೆ ಇದು. ದಪ್ಪ ಗೋಡೆ, ಮೂಲೆಗಳಲ್ಲಿ ದುಂಡನೆಯ ಬುರುಜು. ನಾನು ಬೋರ್ಡು ಓದುತ್ತಿದ್ದರೆ ನನ್ನ ಕೆನ್ನೆಯ ಒಂದು ಬದಿ ಬೆಚ್ಚಗಾಗುತ್ತಿತ್ತು. ತಟ್ಟನೆ ತಿರುಗಿದರೆ ಗಿರಿಧರ ಬುರುಜನ್ನು ನೋಡುತ್ತಿರುತ್ತಿದ್ದ. ಆ ಬುರುಜನ್ನು ಕಟ್ಟಿದವರೂ ಅಷ್ಟು ಪ್ರೀತಿಯಿಂದ ನೋಡಿರಲಿಕ್ಕಿಲ್ಲ. ಅವನ ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಒಂದು ಸಲ ಪೊಟ್ಟಣದಲ್ಲಿ ಹಸಿರು ಕಾಳು ತಂದ. ಪೊಂಕ್, ಸೂರತ್‌ನವರು ಚಳಿಗಾಲದಲ್ಲಿ ಇದಕ್ಕೆ ಪ್ರಾಣ ಬಿಡುತ್ತಾರೆ ಎಂದ. ಬಾಯಿಗೆ ಹಾಕಿಕೊಂಡೆ, ಕಣ್ಣು ತುಂಬಿತು. ಅದು ನಮ್ಮ ಸೀತನಿ. ಎಳೆಯ ಜೋಳದ ತೆನೆ ಸುಟ್ಟು, ಹೊಲದ ಬದುವಿನಲ್ಲಿ ಕೂತು ತಿನ್ನುತ್ತಿದ್ದ ಸೀತನಿ. ಅವನು ಕರವಸ್ತ್ರ ಕೊಟ್ಟ. ಆಮೇಲೆ ಪ್ರತಿ ಶನಿವಾರ ಪೊಂಕ್ ಬಂತು. ನಾನು ಮನಸೋತದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಹಸಿರು ಕಾಳಿನ ಪೊಟ್ಟಣವನ್ನೇ ತೋರಿಸುತ್ತೇನೆ.

ಆದರೆ ಬಾಯಿ ಬಿಡಬೇಕಲ್ಲ ಪುಣ್ಯಾತ್ಮ. ನಮ್ಮ ಕಾರ್ಖಾನೆಯಲ್ಲಿ ಪರ್ಮಿಟ್ ಇಲ್ಲದೆ ಒಂದು ನಟ್ಟು ಬಿಚ್ಚುವ ಹಾಗೂ ಇಲ್ಲ ಎಂದು ಆಗಾಗ ಹೇಳುತ್ತಿದ್ದ. ಹೋದ ಶನಿವಾರ ಬಗ್ಗಿಸಿದ ಒಂದು ಕಂಬಿ ತಂದು ನನ್ನ ಸ್ಕೂಟರ್‌ನ ಮುಂದೆ ಕಟ್ಟಿದ. ಇಲ್ಲಿ ಪಟದ ದಾರಕ್ಕೆ ಗಾಜಿನ ಪುಡಿ ಮೆತ್ತಿರ್ತಾರೆ, ಕತ್ತು ಕೊಯ್ಯದಿರಲಿ ಅಂತ ಎಂದ. ನಾನು ನಕ್ಕುಬಿಟ್ಟೆ. ನಮ್ಮೂರಿನ ಹುಡುಗರೂ ಪಟ ಹಾರಿಸುತ್ತಾರೆ, ಅದಕ್ಕೆ ಯಾರೂ ಸ್ಕೂಟರಿಗೆ ಕೊಂಬು ಕಟ್ಟುವುದಿಲ್ಲ.

ಇತ್ತ ಅವ್ವ ಬೆಳಗಾವಿಯ ಒಂದು ಸಂಬಂಧ ಹಿಡಿದು ಕೂತಿದ್ದಳು. ಧನುರ್ಮಾಸದಲ್ಲಿ ಮದುವೆ ಮಾತು ಆಡಬಾರದೆಂದು ಒಂದು ತಿಂಗಳು ಸುಮ್ಮನಿದ್ದಳು. ಸಂಕ್ರಾಂತಿಯ ಮಧ್ಯಾಹ್ನ ಫೋನ್ ಮಾಡುತ್ತೇನೆ, ಹೂಂ ಅಥವಾ ಊಹೂಂ ಒಂದು ಹೇಳಿಬಿಡು, ಅವರನ್ನು ಇನ್ನೂ ಕಾಯಿಸಲಾಗದು ಎಂದಿದ್ದಳು. ಈ ಸಂಗತಿಯನ್ನು ಪ್ರೇಮಕ್ಕನಿಗೆ ಮಾತ್ರ ಹೇಳಿದ್ದೆ. ಹುಡುಗ ಒಳ್ಳೆಯವನೇ. ಊಹೂಂ ಎನ್ನಲು ನನ್ನ ಹತ್ತಿರ ಇದ್ದದ್ದು ಕೆಂಪು ಕಿವಿ ಮತ್ತು ಪೊಂಕ್ ಪೊಟ್ಟಣ. ಅದನ್ನು ಅವ್ವನ ಮುಂದೆ ಹೇಗೆ ಇಡುವುದು? ಈ ದಿನ, ನಲವತ್ತು ಜನರ ಗದ್ದಲದ ನಡುವೆಯಾದರೂ ಅವನು ಒಂದು ಮಾತು ಆಡಿಯಾನು ಎಂದು ಕಾದಿದ್ದೆ. ಅದಕ್ಕೇ ಇಳಕಲ್ ಸೀರೆ.

ಈಗ ಅವನೂ ಇಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಮೂರು ಸಲ ಮಾಡಿ ಬಿಟ್ಟೆ. ಬಾರದಿರುವುದೂ ಒಂದು ಉತ್ತರವೇ ತಾನೆ ಎನ್ನಿಸಿತು. ಮಧ್ಯಾಹ್ನದವರೆಗೆ ಯಾಕೆ ಕಾಯಬೇಕು, ನಾನೇ ಅವ್ವನಿಗೆ ಹೂಂ ಎಂದು ಈ ಗೋಳು ಮುಗಿಸಿಬಿಡೋಣ ಎಂದು ಅವಳ ನಂಬರ್ ತೆಗೆದೆ.

ಆಗ ರಸ್ತೆಯ ತಿರುವಿನಲ್ಲಿ ಒಬ್ಬ ಕಾಣಿಸಿದ. ಈ ಬಿಸಿಲಲ್ಲಿ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಬೆವರು ಸುರಿಸುತ್ತ, ಅರ್ಧ ಓಡುತ್ತ ಅರ್ಧ ನಡೆಯುತ್ತ ಬರುತ್ತಿದ್ದ. ಕೋಟೆಯ ಇಡೀ ಬೀದಿಯಲ್ಲಿ ಆಕಾಶ ನೋಡದೆ ನನ್ನನ್ನು ನೋಡುತ್ತಿದ್ದವನು ಅವನೊಬ್ಬನೇ.

ಇವತ್ತಿನ ದಿನ ಬೈಕ್ ಹತ್ತುವುದಿಲ್ಲ ಎಂಬುದು ಗಿರಿಧರನ ನೇಮವಂತೆ. ಆಟೋ ಸಿಗಲಿಲ್ಲವಂತೆ. ನದಿಯ ಆಚೆಯಿಂದ ಸೇತುವೆ ದಾಟಿ ನಡೆದೇ ಬಂದನಂತೆ. ತಾರಸಿಗಳ ಗದ್ದಲದಲ್ಲಿ ಫೋನಿನ ಸದ್ದು ಕೇಳಲಿಲ್ಲವಂತೆ. ನಾನು ಮುಖ ತಿರುಗಿಸಿಕೊಂಡೆ. ಅವನು ಕಟ್ಟೆಯ ಆ ತುದಿಯಲ್ಲಿ ಕೂತ. ನಡುವೆ ನನ್ನ ಎರಡು ಚೀಲ.

“ಮೊದಲು ಎಳ್ಳು ಕೊಡಿ,” ಎಂದ.

ಸಂಕ್ರಾಂತಿಯ ದಿನ ಕೇಳಿದವರಿಗೆ ಎಳ್ಳು ಕೊಡದೆ ಇರುವುದುಂಟೇ? ಒಂದು ಪೊಟ್ಟಣ ಚಾಚಿದೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಚ್ಚಿ, ಎಲ್ಲವನ್ನೂ ಒಮ್ಮೆಗೇ ಬಾಯಿಗೆ ಸುರಿದುಕೊಂಡು, ಕಟಕಟ ಅಗಿದು ನುಂಗಿದ. ಹೀಗೆ ಆತುರದಿಂದ ಕುಸುರೆಳ್ಳು ತಿಂದವರನ್ನು ನಾನು ನೋಡಿರಲಿಲ್ಲ.

“ಇವತ್ತು ಯಾರೂ ಬರಲ್ಲ,” ಎಂದ ಆಮೇಲೆ. “ನನಗೆ ಮೊದಲೇ ಗೊತ್ತಿತ್ತು.”

ಒಂದೊಂದಾಗಿ ಹೊರಬಂತು. ನಾನು ಗ್ರೂಪಿನಲ್ಲಿ ದಿನಾಂಕ ಹಾಕಿದ ರಾತ್ರಿಯೇ ಎಲ್ಲರ ಮನೆಯಲ್ಲೂ ಮಕ್ಕಳು ರಂಪ ಮಾಡಿದ್ದರು. ಉತ್ತರಾಯಣದ ದಿನ ತಾರಸಿ ಬಿಟ್ಟು ಕೋಟೆ ನೋಡುವುದೆಂದರೆ ಇಲ್ಲಿ ಹುಟ್ಟಿದ ಮಕ್ಕಳು ಉಪವಾಸ ಕೂರುವವರೇ. ಹೊಸಬಳು, ಆಸೆಯಿಂದ ಕರೆದಿದ್ದಾಳೆ, ಬೇಡ ಎನ್ನುವುದು ಹೇಗೆ ಎಂದು ಹಿರಿಯರು ಹೆಬ್ಬೆರಳು ಎತ್ತಿ ಪ್ರೇಮಕ್ಕನಿಗೆ ಫೋನ್ ಮಾಡಿದ್ದರು. ಪ್ರೇಮಕ್ಕ ನನಗೆ ಹೇಳಲು ಹೊರಟಾಗ ತಡೆದವನು ಗಿರಿಧರ. ಎಲ್ಲರೂ ಭಾನುವಾರ ಬರುತ್ತಾರೆ, ಅದಕ್ಕಾಗಿ ನನ್ನೊಬ್ಬಳನ್ನು ಬಿಟ್ಟು ಇನ್ನೊಂದು ವಾಟ್ಸಾಪ್ ಗ್ರೂಪೇ ಆಗಿದೆ. ಅದರಲ್ಲಿ ಯಾರು ಎಷ್ಟು ಚಪಾತಿ ತರಬೇಕೆಂಬುದೂ ತೀರ್ಮಾನವಾಗಿದೆ.

ನನ್ನ ಮೈಯೆಲ್ಲ ಉರಿದುಹೋಯಿತು. “ಊರಿಗೆಲ್ಲಾ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿರಲಿಲ್ಲ. ನಸುಕಿನಾಗ ಎದ್ದು ರೊಟ್ಟಿ ಬಡದೇನ್ರೀ ನಾನು. ನನ್ನ ಇಲ್ಲಿ ಕುಂಡ್ರಿಸಿ ಮಜಾ ನೋಡಬೇಕಂತ ಮಾಡಿದ್ರೇನು?”

“ಇಲ್ಲ ರೀ,” ಎಂದ. ಬುರುಜಿನ ಕಡೆ ನೋಡಲಿಲ್ಲ. ಮೊದಲ ಸಲ ನೇರ ನನ್ನ ಕಣ್ಣನ್ನೇ ನೋಡಿದ. “ಬೆಳಗಾವಿಯವರ ವಿಷಯ ಪ್ರೇಮಕ್ಕ ಹೇಳಿದ್ರು. ಸಂಕ್ರಾಂತಿಗೆ ನೀವು ಉತ್ತರ ಕೊಡಬೇಕು ಅಂತಾನೂ ಹೇಳಿದ್ರು. ಅದಕ್ಕೆ ಮುಂಚೆ ನಿಮ್ಮ ಹತ್ರ ಒಬ್ಬನೇ ಮಾತಾಡಬೇಕಿತ್ತು. ಎಲ್ಲರಿಗೂ ಹಾಗೇ ಹೇಳಿದೆ. ಅದಕ್ಕೇ ಅವರು ಸುಮ್ಮನಿರೋದು.”

ನಲವತ್ತು ಜನರ ಬಳಗಕ್ಕೆ ಹೇಳಿದ್ದಾನೆ. ನನಗೊಬ್ಬಳಿಗೆ ಹೇಳಿರಲಿಲ್ಲ.

ನಾನು ಫೋನನ್ನು ಅವನ ಮುಂದೆ ಹಿಡಿದೆ. ಅದರಲ್ಲಿ ಅವ್ವನ ನಂಬರ್ ತೆರೆದೇ ಇತ್ತು. “ಇನ್ನೊಂದು ಗಳಿಗಿ ತಡ ಮಾಡಿದ್ರ ಅವ್ವಗ ಹೂಂ ಅಂದುಬಿಡ್ತಿದ್ದೆ. ನೀವು ಬರೋದೇ ಇಲ್ಲ ಅಂತ ತಿಳಕೊಂಡಿದ್ದೆ.”

ಅವನ ಮುಖ ಬಿಳುಚಿಕೊಂಡಿತು. ಬೆಂಕಿ ಬಿದ್ದರೆ ಎಲ್ಲಿಗೆ ಓಡಬೇಕು ಎಂದು ಯೋಚಿಸಿಟ್ಟವನಿಗೆ, ಕಾಯುತ್ತ ಕೂತವಳ ಧೈರ್ಯ ಕುಸಿಯಬಹುದು ಎಂಬುದು ಹೊಳೆದೇ ಇರಲಿಲ್ಲ. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಂಡುತ್ತ ಕೂತ. ಗಾಳಿಗೆ ಒಂದು ಕೆಂಪು ಪಟ ದಾರ ಕಡಿದುಕೊಂಡು ಕೋಟೆಯ ಗೋಡೆ ದಾಟಿ ಒಳಗೆ ಬಿತ್ತು. ಮೇಲಿನ ತಾರಸಿಯವರು ಕೂಗಿದರು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

“ಹೂಂ ಅನ್ನಬೇಡಿ,” ಎಂದ ಕೊನೆಗೆ. “ನೀವಂದ್ರೆ ನನಗೆ ಇಷ್ಟ. ಬರೀ ಇಷ್ಟ ಅಲ್ಲ, ನೀವಿಲ್ಲದಿದ್ರೆ ನನಗೆ ಶನಿವಾರ ಯಾಕೆ ಬರಬೇಕು ಅನ್ಸುತ್ತೆ. ನನ್ನನ್ನ ಮದುವೆ ಆಗ್ತೀರಾ?”

ಈ ಮಾತಿಗೆ ನಾನು ಒಂದು ತಿಂಗಳು ಕಾದಿದ್ದೆ. ಬಂದಾಗ ಅಳು ಬಂತು, ನಗುವೂ ಬಂತು, ಸಿಟ್ಟು ಇನ್ನೂ ಹೋಗಿರಲಿಲ್ಲ. “ಇದನ್ನ ಹೇಳಾಕ ಇಷ್ಟ್ ಶನಿವಾರ ಬೇಕಾದ್ವೇನು?”

“ಪರ್ಮಿಟ್ ಇರಲಿಲ್ವಲ್ಲ.”

“ನನಗ ಇನ್ನೂ ಸಿಟ್ಟು ಐತಿ.”

“ಇರೋ ಹಾಗಿಲ್ಲ,” ಎಂದ. ಆ ಕಿವಿಗಳಿಗೆ ಮತ್ತೆ ಬಣ್ಣ ಬರತೊಡಗಿತ್ತು. “ಆಗಲೇ ಎಳ್ಳು ಕೊಟ್ಟುಬಿಟ್ಟಿದ್ದೀರ ನೀವು.”

ಆಗ ನನಗೆ ಅರ್ಥವಾಯಿತು. ಯಾವುದೋ ಶನಿವಾರ ನಾನೇ ಅವನಿಗೆ ಹೇಳಿದ್ದೆ. ನಮ್ಮ ಕಡೆ ವರ್ಷವಿಡೀ ಮಾತು ಬಿಟ್ಟವರೂ ಸಂಕ್ರಾಂತಿಯ ದಿನ ಕುಸುರೆಳ್ಳು ಕೊಟ್ಟು ರಾಜಿಯಾಗುತ್ತಾರೆ, ಎಳ್ಳು ಕೊಟ್ಟ ಮೇಲೆ ಹಳೆಯ ಸಿಟ್ಟು ಇಟ್ಟುಕೊಳ್ಳುವ ಹಾಗಿಲ್ಲ ಎಂದು. ಬುರುಜು ನೋಡುತ್ತ ನಿಂತವನು ಎಲ್ಲವನ್ನೂ ಕಿವಿಗೆ ಹಾಕಿಕೊಂಡಿದ್ದ. ಬಂದ ಕೂಡಲೇ ಎಳ್ಳು ಕೇಳಿದ್ದು, ಅಷ್ಟು ಅವಸರದಿಂದ ನುಂಗಿದ್ದು ಅದಕ್ಕೇ.

ನಗು ತಡೆಯಲಾಗಲಿಲ್ಲ. ನಡುವಿನ ಎರಡು ಚೀಲಗಳನ್ನು ಎತ್ತಿ ಆ ಬದಿಗೆ ಇಟ್ಟು, ಹತ್ತಿರ ಸರಿದು ಕೂತೆ. “ಇನ್ನ ಭಾಳ ಪೊಟ್ಟಣ ಅದಾವ. ಅವು ಮುಗಿಯೂದ್ರಾಗ ನಿಮ್ಮ ತಪ್ಪೂ ಮುಗೀಬೇಕು.”

“ಪರ್ಮಿಟ್ ಸಿಕ್ಕ ಹಾಗಾ?”

“ಸಿಕ್ಕಂಗ,” ಎಂದೆ. “ನನಗೂ ನೀವ ಬೇಕಾಗೀರಿ.”

ಕೋಟೆಯ ಒಳಗೆ ನಾವು ಹೋಗಲಿಲ್ಲ. ಭಾನುವಾರ ಎಲ್ಲರ ಜೊತೆ ನೋಡೋಣ ಎಂದುಕೊಂಡೆವು. ಕಾವಲಿನವನಿಗೆ ಒಂದು ಪೊಟ್ಟಣ ಎಳ್ಳು, ಎರಡು ಹೋಳಿಗೆ ಕೊಟ್ಟು, ತಾಪಿ ಕಾಣುವ ಕಡೆ ಚಾಪೆ ಹಾಸಿದೆವು. ನೆರಳಿನ ಆ ಜಾಗವನ್ನು ಹುಡುಕಲು ಒಂದು ತಿಂಗಳು ಹಿಡಿದಿತ್ತು, ಆ ತಿಂಗಳು ವ್ಯರ್ಥವಾಗಲಿಲ್ಲ. ಗಿರಿಧರ ಸಜ್ಜೆ ರೊಟ್ಟಿಯನ್ನು ಮೊದಲು ಅನುಮಾನದಿಂದ ಮುರಿದ. ಆಮೇಲೆ ಎಣ್ಣೆಗಾಯಿ ಹಚ್ಚಿಕೊಂಡು ತಲೆ ಎತ್ತಲಿಲ್ಲ.

ಅವ್ವನ ಫೋನ್ ಬಂತು. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಅವ್ವಾ, ಬೆಳಗಾವಿ ಮಂದಿಗೆ ಬ್ಯಾಡ ಅಂತ ಹೇಳಿಬಿಡು. ನನಗ ಇಲ್ಲೆ ಒಬ್ಬರು ಮನಸಿಗೆ ಬಂದಾರ. ಹಾಸನದ ಕಡೆಯವರು.”

ಅವ್ವ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. ಕುಲ ಗೋತ್ರ ಕೇಳುತ್ತಾಳೆ, ಸಂಬಳ ಕೇಳುತ್ತಾಳೆ, ಅಳುತ್ತಾಳೆ ಎಂದು ನಾನು ಎಲ್ಲಕ್ಕೂ ಸಿದ್ಧಳಾದೆ.

“ಹಾಸನಂದ್ರ ಮುದ್ದಿ ಉಣ್ಣೋ ಮಂದಿ ಅಲ್ಲೇನ?” ಎಂದಳು ಅವ್ವ. “ರೊಟ್ಟಿ ತಿಂತಾರೋ ಇಲ್ಲೋ?”

ನಾನು ಪಕ್ಕಕ್ಕೆ ನೋಡಿದೆ. ಗಡ್ಡಕ್ಕೆ ಮಸಾಲೆ ಮೆತ್ತಿಕೊಂಡು ಗಿರಿಧರ ಉಸಿರು ಬಿಗಿಹಿಡಿದು ಕೂತಿದ್ದ. ತಟ್ಟೆಯಲ್ಲಿ ರೊಟ್ಟಿಯ ಚೂರೂ ಉಳಿದಿರಲಿಲ್ಲ.

“ತಿಂತಾರವ್ವಾ. ನನಗ ಏನೂ ಉಳಿಸಿಲ್ಲ.”

ಅವ್ವ ಸಣ್ಣಗೆ ನಕ್ಕ ಹಾಗಿತ್ತು. ಕೇಳುವುದು ಬೇಕಾದಷ್ಟಿದೆ, ಅಪ್ಪನ ಹತ್ತಿರ ಮಾತಾಡಿ ನಾಳೆ ಕೇಳುತ್ತೇನೆ ಎಂದಳು. ಫೋನ್ ಇಡುವ ಮೊದಲು ಏನೋ ನೆನಪಾಗಿ ಮತ್ತೆ ಕರೆದಳು.

“ಹಬ್ಬದ ದಿನ ಐತಿ. ಅವರಿಗೆ ಒಂದೀಟು ಕುಸುರೆಳ್ಳು ಕೊಟ್ಟಿಯೋ ಇಲ್ಲೋ?”

“ಕೊಟ್ಟೇನವ್ವಾ,” ಎಂದೆ. “ಎಲ್ಲಾರಕಿಂತ ಮೊದಲ ಅವರಿಗೇ ಕೊಟ್ಟೇನಿ.”