ಮೈಂಡ್ ಡಬ್ಬ ಕಾಣೆಯಾದ ದಿನ

"ಮೈಂಡ್ ಕಾಣಿಸ್ತಾ ಇಲ್ಲ."

ಊಟದ ಮೇಜಿನ ಮುಂದೆ ನಿಂತು ಮಾವ ಹೀಗೆಂದಾಗ ಅಳಿಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ತಲೆ ಎತ್ತಲಿಲ್ಲ. ಮಾವನ ಕನ್ನಡಕ, ಪೆನ್ನಿನ ಮುಚ್ಚಳ, ಎಡಗಾಲಿನ ಚಪ್ಪಲಿ ಸರದಿಯ ಮೇಲೆ ಕಾಣೆಯಾಗುವುದು ಆ ಮನೆಯಲ್ಲಿ ಬೆಳಗಾದಷ್ಟೇ ಸಹಜ.

"ಡಬ್ಬಾನೇ ಇಲ್ಲ ಅಂತಿದೀನಿ."

ಬೆಣ್ಣೆಯ ಚಾಕು ನಿಂತಿತು.

ಮಾವ ನಿಘಂಟುಕಾರರು. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ದೊಡ್ಡ ನಿಘಂಟೊಂದು ಆ ಮನೆಯ ಮುಂದಿನ ಕೋಣೆಯಲ್ಲಿ ತಯಾರಾಗುತ್ತಿತ್ತು. ಒಂದೊಂದು ಅರ್ಥಕ್ಕೆ ಒಂದೊಂದು ಚೀಟಿ, ಹತ್ತಾರು ಪದಗಳ ಚೀಟಿ ಸೇರಿ ಒಂದು ಕಟ್ಟು. ಮೈಂಡ್ ಎಂಬ ಪದ ಮಾತ್ರ ಯಾವ ಕಟ್ಟಿಗೂ ಬಗ್ಗಲಿಲ್ಲ. ಅದು ಒಮ್ಮೆ ಮನಸ್ಸು, ಒಮ್ಮೆ ಬುದ್ಧಿ. 'ಮೈಂಡ್ ದ ಸ್ಟೆಪ್' ಅಂದರೆ ಮೆಟ್ಟಿಲಿದೆ, ಜೋಕೆ. 'ನೆವರ್ ಮೈಂಡ್' ಅಂದರೆ ಹೋಗಲಿ ಬಿಡು. 'ಡು ಯು ಮೈಂಡ್' ಎಂದು ಕೇಳಿದವರಿಗೆ ಒಪ್ಪಿಗೆ ಕೊಡಬೇಕಾದರೆ 'ನೋ' ಅನ್ನಬೇಕು — ಇದೊಂದರ ಮೇಲೆಯೇ ಮಾವ ಒಂದಿಡೀ ಬೇಸಿಗೆ ಕಳೆದಿದ್ದರು. ಚೀಟಿಗಳು ಬೆಳೆದವು, ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಸೇರಿದವು. ಉಣ್ಣುವಾಗಲೂ ಅರ್ಥ ಹೊಳೆಯಬಹುದೆಂದು ಆ ಡಬ್ಬ ಊಟದ ಮೇಜು ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ಚಿಕ್ಕ ಮೇಜು, ಅದರಲ್ಲಿ ಕಿಟಕಿಯ ಕಡೆಯ ಮೂಲೆ ವರ್ಷಗಳಿಂದ ಡಬ್ಬದ್ದೇ.

ಈಗ ಆ ಮೂಲೆಯಲ್ಲಿ ಬ್ರೆಡ್ಡಿನ ಚೂರು ಬಿದ್ದಿದ್ದ ಒಂದು ತಟ್ಟೆಯಿತ್ತು. ಅಳಿಯ ತಟ್ಟೆ ಎತ್ತಿ ಕೆಳಗೆ ನೋಡಿದ, ಡಬ್ಬ ಅದರಡಿ ಅಡಗಿರಬಹುದು ಎಂಬಂತೆ. ಮತ್ತೆ ಅಲ್ಲೇ ಇಟ್ಟ.

"ರಾತ್ರಿ ಏನಂದೆ ನೀನು?" ಮಾವ ನಿಧಾನವಾಗಿ ಕೇಳಿದರು.

"ಏನಂದೆ?"

"ಈ ಡಬ್ಬಾನ ಒಲೆಗೆ ಹಾಕ್ಬಿಡ್ತೀನಿ ಅಂದೆ."

ಅಂದಿದ್ದ. ಎಂ ಅಕ್ಷರದ ಉಳಿದ ಪುಟಗಳೆಲ್ಲ ಅಚ್ಚಾಗಿ, ಈ ಒಂದು ಪದದ ನಾಲ್ಕು ಪುಟಕ್ಕಾಗಿ ಪ್ರೆಸ್ಸಿನಲ್ಲಿ ಕಾಯುತ್ತಿದ್ದವು. ಟೈಪಾಗಿ ಅದೇ ಡಬ್ಬದಲ್ಲಿದ್ದ ಆ ನಾಲ್ಕು ಪುಟದಲ್ಲಿ ಬಾಕಿಯಿದ್ದದ್ದೂ ಒಂದೇ ಸಾಲು: 'ಮೇಕ್ ಅಪ್ ಒನ್ಸ್ ಮೈಂಡ್', ಅಂದರೆ ಮನಸ್ಸು ಗಟ್ಟಿ ಮಾಡು, ಎಂಬ ನುಡಿಗಟ್ಟಿಗೆ ಒಂದು ಉದಾಹರಣೆ ವಾಕ್ಯ. ಮಾವ ನೂರು ಬರೆದು ನೂರೂ ಹೊಡೆದುಹಾಕಿದ್ದರು. ಮುದ್ರಕ ಬಂದಾಗಲೆಲ್ಲ ಪುಟಗಳನ್ನು ಅವನ ಚೀಲಕ್ಕೆ ಹಾಕುವುದು, ಅವನು ಬೀದಿ ತಿರುಗುವುದರೊಳಗೆ ಓಡಿಹೋಗಿ ವಾಪಸು ಕಿತ್ತುಕೊಳ್ಳುವುದು. ನಿನ್ನೆ ರಾತ್ರಿ ಅಳಿಯನ ತಾಳ್ಮೆಯ ದಾರ ಹರಿದಿತ್ತು.

"ಮಾವ, ಸಿಟ್ಟಲ್ಲಿ ಅಂದಿದ್ದು. ಅರ್ಧ ಚೀಟಿ ಬರೆದವನು ನಾನೇ. ನಾನ್ಯಾಕೆ ಸುಡ್ಲಿ?"

"ಸಂಜೆ ಮುದ್ರಕ ಬರ್ತಾನೆ. ಅಷ್ಟರಲ್ಲಿ ಡಬ್ಬ ಇಲ್ಲಿರಬೇಕು. ಇಲ್ದಿದ್ರೆ ನಾಳೆಯಿಂದ ನೀನು ನನ್ನ ಮೇಜಿಗೆ ಬರೋದು ಬೇಡ. ನಿಘಂಟಿನ ಮೊದಲ ಪುಟದಲ್ಲಿ ಹೆಸರೂ ಒಂದೇ ಇರುತ್ತೆ."

ಅಳಿಯ ಬ್ರೆಡ್ಡನ್ನು ತಟ್ಟೆಗೆ ಹಾಕಿದ. ಮಾವನ ಹೆಸರಿನ ಕೆಳಗೆ ತನ್ನ ಹೆಸರು ಬರುತ್ತದೆಂಬ ಒಂದೇ ಆಸೆಗೆ ಅವನು ಇದ್ದ ಕೆಲಸ ಬಿಟ್ಟು, 'ಮನೆಯಳಿಯ' ಎಂಬ ಬಿರುದು ಹೊತ್ತು, ಈ ಮುಂಗೋಣೆಯಲ್ಲಿ ಕೂತಿದ್ದ. ಆಸ್ಪತ್ರೆಯ ಪಾಳಿ ಮುಗಿಸಿ ರಾತ್ರಿ ಬರುವ ಹೆಂಡತಿಗೆ ಈಗ ಏನು ಹೇಳುವುದು?

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಸಂಜೆವರೆಗೆ ತಡೀರಿ. ಯಾಕೆ ಈಗಲೇ ಹಾರಾಡ್ತೀರಾ?" ಹಾಗೆಂದು ಹೊರಗೆ ಬಂದು ಅಳಿಯನ ತಟ್ಟೆಗೆ ಕೇಳದೆಯೇ ಎರಡು ಮೊಟ್ಟೆ ಹಾಕಿ ಹೋದರು.

ಮಾವ ಅಕ್ಕಯ್ಯನಿಗೆ ಹೇಳಿಕಳಿಸಿದರು.

ಅಕ್ಕಯ್ಯ ಮಾವನ ಒಡಹುಟ್ಟಿದವಳು, ಹಿರಿಯಳು. ಊರಿಗೆಲ್ಲ ಅಕ್ಕಯ್ಯ. ನಿವೃತ್ತಿಯಾಗುವ ತನಕ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಕೂತಿದ್ದವಳು. ಛತ್ರಿಯಿಂದ ಹಿಡಿದು ಕಟ್ಟಿಸಿದ ಹಲ್ಲಿನ ತನಕ ಆಕೆ ವಾರಸುದಾರರಿಗೆ ಮುಟ್ಟಿಸಿದ್ದಳು. ತನ್ನದಲ್ಲದ ಹಲ್ಲನ್ನು ತನ್ನದೆಂದು ವಾದಿಸಿದ ಒಬ್ಬನನ್ನು, "ಹಾಕ್ಕೊಂಡು ತೋರಿಸು" ಎಂದು ಓಡಿಸಿದ್ದಳು.

ಬಂದವಳೇ ಚಪ್ಪಲಿ ಬಿಟ್ಟು ಮನೆಯನ್ನೊಂದು ಸುತ್ತು ಹಾಕಿದಳು. ಮೇಜಿನ ಮೇಲೆ ಇನ್ನೂ ಎತ್ತಿರದ ಬೆಳಗಿನ ತಟ್ಟೆಗಳನ್ನು ನೋಡಿದಳು. ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. ಅಳಿಯನೂ ಹಿಂದಿನಿಂದ ಬಗ್ಗಿ ನೋಡಿದ.

"ಕಾಗದ ಸುಟ್ಟ ಬೂದಿ ಅಲ್ಲ," ಅಂದಳು. "ನೀನು ಸದ್ಯಕ್ಕೆ ಬಚಾವು. ಆದರೆ ಪೂರ್ತಿ ಅಲ್ಲ."

"ಅಕ್ಕಯ್ಯ, ನಾನು..."

"ಬೆಂಕಿಗೆ ಹಾಕದಿದ್ರೆ ಬಾವಿಗೆ ಹಾಕಿರಬಹುದಲ್ಲಪ್ಪ."

ಮೊದಲ ವಿಚಾರಣೆ ಟೈಪಿಸ್ಟಳದು. ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಆಕೆಯನ್ನು ಎಲ್ಲರೂ 'ಟಕಟಕ' ಎನ್ನುತ್ತಿದ್ದರು. ಬೆರಳಿಗಿಂತ ನಾಲಿಗೆ ಚುರುಕು.

"ಆ ಡಬ್ಬದ ಮೇಲೆ ನಿನಗೆ ಸಿಟ್ಟಿತ್ತಾ?"

"ಸಿಟ್ಟಾ? ಕನಸಲ್ಲಿ ಅಟ್ಟಿಸ್ಕೊಂಡು ಬರುತ್ತೆ ಅಕ್ಕಯ್ಯ. ಒಂದೇ ಪುಟ ನಾನು ಎಷ್ಟು ಸಲ ಹೊಡೆದಿದೀನಿ ಗೊತ್ತಾ? ಬೆಳಗ್ಗೆ 'ಬುದ್ಧಿ' ಅಂತಾರೆ, ಮಧ್ಯಾಹ್ನ 'ಚಿತ್ತ' ಅಂತಾರೆ, ಸಂಜೆ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು 'ಬುದ್ಧೀನೇ ಇರಲಿ' ಅಂತಾರೆ."

"ಅದು ಶಾಸ್ತ್ರದ ವಿಷಯ," ಎಂದರು ಮಾವ.

"ಹೋಗ್ಲಿ, ಜನ ಮಾತಾಡೋದನ್ನ ಹಾಕಿ ಅಂದೆ. 'ನೀವೇನೂ ಮೈಂಡ್ ಮಾಡ್ಬೇಡಿ' ಅಂತ ಬಸ್ಸಲ್ಲೂ ಅಂತಾರೆ, ಮದುವೆ ಮನೇಲೂ ಅಂತಾರೆ. ಅದಕ್ಕೆ ಇವರು ನನ್ನ ಮೇಲೆ ಒಂದು ವಾರ ಮೈಂಡ್ ಮಾಡ್ಕೊಂಡಿದ್ರು."

"ಡಬ್ಬ ತಗೊಂಡ್ಯಾ?"

"ತಗೊಂಡು ಮನೇಲೂ ಅದನ್ನೇ ನೋಡ್ತಾ ಕೂರ್ಲಾ?"

ಅಕ್ಕಯ್ಯನಿಗೆ ಆ ಉತ್ತರ ಹಿಡಿಸಿತು. ತಮ್ಮನ ಕಡೆ ತಿರುಗಿದಳು.

"ಕೊನೇ ಸಲ ನೋಡಿದ್ದು ಯಾವಾಗ?"

"ರಾತ್ರಿ ಮಲಗೋ ಮುಂಚೆ. ಮೇಜಿನ ಮೇಲೆ. ಮೇಲೆ ಕೈಯಿಟ್ಟು ನೋಡ್ದೆ."

"ಯಾಕೆ ಕೈಯಿಟ್ಟೆ? ಜ್ವರ ಬಂದಿತ್ತಾ ಅದಕ್ಕೆ?"

ಟೈಪ್ ಯಂತ್ರದ ಹಿಂದೆ ಟಕಟಕ ಕೆಮ್ಮಿದಳು.

"ಬಾಗಿಲು?"

"ಒಳಗಿಂದ ಚಿಲಕ. ಬೆಳಗ್ಗೆ ಇವಳು ಹಾಲಿಗೆ ಹೋಗುವಾಗ ತೆಗೆದಿದ್ದು. ಬೀಗದ ಕೈ ಅಳಿಯನ ಹತ್ರ ಒಂದಿದೆ," ಎಂದು ಮಾವ ಒತ್ತಿ ಹೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಳಿಯ ಜೇಬು ಮುಟ್ಟಿ ನೋಡಿಕೊಂಡ. ಬೀಗದ ಕೈ ಅಲ್ಲೇ ಇತ್ತು.

ಅತ್ತೆ ಸೌಟು ಹಿಡಿದೇ ವಿಚಾರಣೆಗೆ ಬಂದರು.

"ನೀನೂ ಹುಡುಕಿದೆಯೇನೇ?" ಅಕ್ಕಯ್ಯ ಕೇಳಿದಳು.

"ಹುಡುಕದೆ? ಇವರು ಹೇಳಿದ ಕಡೆಯೆಲ್ಲ ನೋಡ್ದೆ. ನಾನು ನೋಡಿದ ಕಡೆ ಎಲ್ಲೂ ಇಲ್ಲ."

"ಯಾರು ಕದ್ದಿರಬಹುದು?"

"ಈ ಮನೇಲಿ ಕಳ್ಳರು ಯಾರೂ ಇಲ್ಲ ಅಕ್ಕಯ್ಯ," ಎಂದರು ಅತ್ತೆ, ಹೆಚ್ಚುಕಡಿಮೆ ಪ್ರಮಾಣ ಮಾಡುವ ದನಿಯಲ್ಲಿ. "ಬಡಿಸಿದೀನಿ, ಬನ್ನಿ. ಆರಿಹೋಗುತ್ತೆ."

ಊಟಕ್ಕೆ ಕೂತರು. ಮಾವ ಅನ್ನ ಕಲಸುತ್ತ ಡಬ್ಬದ ಗುಣಗಾನ ಮಾಡಿದರು. ಅಳಿಯ ತಲೆ ತಗ್ಗಿಸಿದ್ದ; ಅವನ ತಟ್ಟೆಗೆ ಮಾತ್ರ ಪಲ್ಯ ಮೂರು ಸಲ ಬಿತ್ತು. ಅತ್ತೆ ಕಿಟಕಿಯ ಕಡೆ ಕೂತು, ಬಿಸಿಲು ಮೈಮೇಲೆ ಬಿಟ್ಟುಕೊಂಡು, ನಿಧಾನವಾಗಿ ಉಂಡರು. ಅಕ್ಕಯ್ಯ ಎಲ್ಲರನ್ನೂ ಒಮ್ಮೊಮ್ಮೆ ನೋಡಿ, ಮಜ್ಜಿಗೆ ಕುಡಿದು, ಮುಂಗೋಣೆಯ ಬೆಂಚಿನ ಮೇಲೆ ಮಲಗಿಬಿಟ್ಟಳು.

"ಅಕ್ಕಯ್ಯ, ನಿದ್ದೆ ಮಾಡ್ತಿದೀರಾ?" ಅಳಿಯ ಹತ್ತಿರ ಹೋಗಿ ಪಿಸುಗುಟ್ಟಿದ.

"ಮುದ್ರಕ ಬರಲಿ."

"ಅವನು ಬಂದ್ರೆ ನನ್ನ ಕಥೆ ಮುಗೀತು."

"ಬರಲಿ ಅಂದೆನಲ್ಲ." ಆಕೆ ಕಣ್ಣು ತೆರೆಯಲಿಲ್ಲ. "ಯಾರು ಅಂತ ಗೊತ್ತಾಗಿದೆ. ಎಲ್ಲಿದೆ ಅಂತ ಗೊತ್ತಾಗಬೇಕು."

ಅಳಿಯ ಆ ಮಧ್ಯಾಹ್ನವೆಲ್ಲ ಒಂದೇ ಖಾನೆಯನ್ನು ಎಳೆದು, ಮುಚ್ಚಿ, ಮತ್ತೆ ಎಳೆದು ನೋಡಿದ. ಮಾವ ಪುಸ್ತಕದ ಕಪಾಟಿನ ಹಿಂದೆ ಕೈ ಹಾಕಿ ಸಿಕ್ಕಿಕೊಂಡರು. ಅತ್ತೆ ಎಣ್ಣೆ ಹಚ್ಚಿ ಬಿಡಿಸಿದರು.

ಸಂಜೆ ಮುದ್ರಕ ಬಂದ. ದೊಡ್ಡ ಆಳು, ದೊಡ್ಡ ದನಿ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮಸಿ. ಯಾವಾಗಲೂ ಬಾಗಿಲಲ್ಲೇ ಗುಡುಗುವವನು ಇವತ್ತು ಕುರ್ಚಿ ಎಳೆದು ಕೂತು, ಕಂಕುಳಲ್ಲಿದ್ದ ಸುತ್ತಿದ ದಿನಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, "ಚಹಾ ಇದೆಯಾ ಅಮ್ಮಾ?" ಅಂದ.

"ಚಹಾ ಆಮೇಲೆ," ಮಾವ ಎದ್ದು ನಿಂತರು. ದನಿ ಒಡೆದಿತ್ತು. "ನಿನಗೆ ಕೊಡೋಕೆ ಇವತ್ತು ಏನೂ ಇಲ್ಲ ಮಾರಾಯ. ನನ್ನ ಮನೇಲೇ, ನನ್ನ ಅನ್ನ ಉಂಡವರೇ..."

"ಕೂತ್ಕೋ ತಮ್ಮ," ಅಕ್ಕಯ್ಯ ಬೆಂಚಿನಿಂದ ಎದ್ದಳು. "ಅನ್ನದ ಮಾತು ಚೆನ್ನಾಗಿ ತೆಗೆದೆ. ಅಲ್ಲಿಂದಲೇ ಶುರು ಮಾಡೋಣ. ಇವತ್ತು ಬೆಳಗ್ಗೆ ಮೇಜಿನ ಮೇಲೆ ಎಷ್ಟು ತಟ್ಟೆ ಇದ್ದವು?"

"ತಟ್ಟೆ? ನಾನು ಡಬ್ಬ ಹುಡುಕ್ತಿದೀನಿ, ನೀನು..."

"ಮೂರು," ಎಂದ ಅಳಿಯ. ಅವನಿಗೇ ಆಶ್ಚರ್ಯವಾಯಿತು. "ಡಬ್ಬದ ಜಾಗದಲ್ಲಿ ಒಂದಿತ್ತು. ನಾನೇ ಎತ್ತಿ ನೋಡ್ದೆ."

"ತಟ್ಟೆಯ ಕೆಳಗೆ ನೋಡಿದೆ. ತಟ್ಟೆ ನೋಡಲಿಲ್ಲ. ಈ ಮೇಜಿನ ಮೇಲೆ ದಿನಾ ಎಷ್ಟು ಇರುತ್ತೆ?"

"ಎರಡು. ಮಾವಂದು, ನಂದು. ನನ್ನ ಹೆಂಡತಿ ಆಸ್ಪತ್ರೇಲೇ ತಿಂತಾಳೆ."

"ಮೂರನೆಯದು ಯಾರದ್ದು?"

ಅಡುಗೆಮನೆಯಲ್ಲಿ ಚಹಾ ಕುದಿಯುವ ಸದ್ದು ಕೇಳಿಸಿತು.

"ಕೌಂಟರಲ್ಲಿ ಕೂತು ನಾನು ಕಲಿತದ್ದು ಒಂದೇ," ಅಂದಳು ಅಕ್ಕಯ್ಯ. "ಕಳಕೊಂಡವರು ಆ ಸಾಮಾನಿನ ಜಾಗ ಖಾಲಿ ಬಿಡ್ತಾರೆ. ಛತ್ರಿ ಕಳಕೊಂಡವನು ತಿಂಗಳುಗಟ್ಟಲೆ ಆ ಮೊಳೆಗೆ ಬೇರೇನೂ ನೇತುಹಾಕಲ್ಲ. ವಾಪಸ್ ಬರುತ್ತೆ ಅಂತ ಆಸೆ. ಜಾಗ ತುಂಬಿಸೋದು ಒಬ್ಬರೇ — ಇನ್ನು ಅದು ಅಲ್ಲಿಗೆ ಬರಲ್ಲ ಅಂತ ಗೊತ್ತಿರೋರು. ಬೆಳಗ್ಗೆ ನೀವು ಏಳೋ ಮುಂಚೇನೇ ಆ ಮೂಲೇಲಿ ಕೂತು ಒಬ್ಬರು ತಿಂಡಿ ತಿಂದಿದಾರೆ. ಮಧ್ಯಾಹ್ನ ಅಲ್ಲೇ ಕೂತು ಊಟ ಮಾಡಿದಾರೆ. ನಿಮ್ಮ ಕಣ್ಣೆದುರೇ. ಇಷ್ಟು ವರ್ಷ ಆಕೆ ಎಲ್ಲಿ ಉಣ್ತಿದ್ದಳು ತಮ್ಮ?"

ಮಾವ ಅಡುಗೆಮನೆಯ ಕಡೆ ತಿರುಗಿದರು. ಅಳಿಯನಿಗೆ ಗೊತ್ತಿತ್ತು: ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡು, ತಟ್ಟೆ ಎಡಗೈಯಲ್ಲಿ. ದಿನಾ ಕಂಡಿದ್ದ. ಕಂಡಿದ್ದನ್ನು ಎಂದೂ ನೋಡಿರಲಿಲ್ಲ.

ಅತ್ತೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀನು ಕದ್ದೆಯಾ?" ಮಾವ ಕೇಳಿದರು.

"ಕದೀಲಿಲ್ಲ," ಎಂದರು ಅತ್ತೆ. "ಕಳಿಸಿದೆ."

"ಎಲ್ಲಿಗೆ?"

"ಅದಕ್ಕೇ ನಾನು ಮುದ್ರಕ ಬರಲಿ ಅಂದಿದ್ದು," ಎಂದಳು ಅಕ್ಕಯ್ಯ. "ಪುಟ ತಗೊಂಡು ಹೋಗೋಕೆ ಬರೋನ ಹೆಗಲಲ್ಲಿ ಯಾವತ್ತೂ ಚೀಲ ಇರುತ್ತೆ. ಇವತ್ತು ಎಲ್ಲಪ್ಪ ಚೀಲ? ತಗೊಂಡು ಹೋಗೋದೇನೂ ಇಲ್ಲ ಅಂತ ಅವನಿಗೆ ಮನೆ ಬಿಡೋವಾಗಲೇ ಗೊತ್ತಿತ್ತು. ಕೈಲಿರೋದು ಪತ್ರಿಕೆ. ಬಿಚ್ಚು."

ಮುದ್ರಕ ನಾಚಿಕೊಂಡು ಪತ್ರಿಕೆ ಬಿಚ್ಚಿದ. ಒಳಗೆ ನಾಲ್ಕು ಪುಟ ಅಚ್ಚಾದ ದೊಡ್ಡ ಹಾಳೆ, ಮಸಿಯ ವಾಸನೆ ಇನ್ನೂ ಹಸಿ. "ಅಮ್ಮ ಬೆಳಗ್ಗೆ ಹಾಲಿನ ಚೀಲದಲ್ಲಿ ಡಬ್ಬ ತಂದ್ರು. ಸಂಜೆವರೆಗೆ ಬಾಯಿ ಬಿಡಬೇಡ ಅಂದ್ರು. ಯಜಮಾನರು ಓಡಿಬಂದು ಮೆಷೀನಿಗೆ ಅಡ್ಡ ಮಲಗ್ತಾರೆ ಅಂತ."

"ಪ್ರೂಫ್ ಯಾರು ನೋಡಿದ್ರು?" ಅಳಿಯ ಗಾಬರಿಯಿಂದ ಕೇಳಿದ.

"ಅಕ್ಕಯ್ಯ ಬರೋದನ್ನ ನೀವಿಬ್ಬರೂ ಕಾಯ್ತಿದ್ರಲ್ಲ, ಆಗ ನಾನೇ ಹೋಗಿ ನೋಡಿ ಬಂದೆ. ಶಾಲೇಲಿ ಅಷ್ಟು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳಿಗೆ ನಾಲ್ಕು ಪುಟ ಯಾವ ಲೆಕ್ಕ?" ಅತ್ತೆ ಅಳಿಯನ ಕಡೆ ನೋಡಿದರು. "ನಿನಗೆ ಇವತ್ತು ಬೈಸಿದೆ ಮಗಾ. ಅದೊಂದಕ್ಕೆ ಕರುಳು ಚುರ್ ಅಂತಿತ್ತು."

ಮೂರು ಸಲ ಬಡಿಸಿದ ಪಲ್ಯದ ಅರ್ಥ ಅಳಿಯನಿಗೆ ಈಗ ಹೊಳೆಯಿತು.

ಮಾವ ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ಬಗ್ಗಿದರು.

"ಅದು ಪ್ರೂಫ್ ಅಲ್ಲ ಸ್ವಾಮಿ," ಎಂದ ಮುದ್ರಕ. "ಎಲ್ಲಾ ಪ್ರತೀನೂ ಅಚ್ಚಾಗಿದೆ."

ಪೆನ್ನು ಗಾಳಿಯಲ್ಲಿ ನಿಂತಿತು. ಮಾವ ಓದುತ್ತಾ ಹೋದರು. ಬುದ್ಧಿ ಬುದ್ಧಿಯ ಜಾಗದಲ್ಲಿತ್ತು, ಜೋಕೆ ಜೋಕೆಯ ಜಾಗದಲ್ಲಿ. ಮೂರನೆಯ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ಬಾಕಿಯಿದ್ದ ಸಾಲು ಅಲ್ಲಿ ಬಾಕಿಯಿರಲಿಲ್ಲ. 'ಮನಸ್ಸು ಗಟ್ಟಿ ಮಾಡು' ಎಂಬುದರ ಮುಂದೆ, ಓರೆ ಅಕ್ಷರದಲ್ಲಿ, ಉದಾಹರಣೆ: 'ಗಂಡನಿಂದ ಆಗದ ಮಾತೆಂದು ಖಾತ್ರಿಯಾದ ಮೇಲೆ ಅವಳೇ ಮನಸ್ಸು ಗಟ್ಟಿ ಮಾಡಿದಳು.'

ಅವರು ಅದನ್ನು ಗಟ್ಟಿಯಾಗಿ ಒಮ್ಮೆ ಓದಿದರು. ತುಟಿಯಲ್ಲೇ ಇನ್ನೊಮ್ಮೆ ಓದಿದರು. ಟಕಟಕ ಸೆರಗು ಬಾಯಿಗೆ ಒತ್ತಿಕೊಂಡಳು.

"ವಾಕ್ಯ ಸರಿಯಾಗಿದೆ," ಎಂದರು ಕೊನೆಗೆ. "ಇದು ನನಗೆ ಹೊಳೀಲೇ ಇಲ್ಲ."

"ಹೇಗೆ ಹೊಳೆಯುತ್ತೆ?" ಎಂದರು ಅತ್ತೆ, ಲೋಟ ಕೈಗಿಡುತ್ತ.

ಮಾವ ಅಳಿಯನ ಭುಜದ ಮೇಲೆ ಕೈಯಿಟ್ಟರು. ಅದಕ್ಕಿಂತ ದೊಡ್ಡ ಕ್ಷಮಾಪಣೆ ಅವರ ನಿಘಂಟಿನಲ್ಲಿರಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಕಪಾಟಿನಿಂದ ಮುಂದಿನ ಅಕ್ಷರದ ಕಟ್ಟು ತೆಗೆದುಕೊಂಡು ಊಟದ ಮೇಜಿನ ಕಡೆ ನಡೆದರು. ಅತ್ತೆ ಕಿಟಕಿಯ ಕಡೆಯ ಕುರ್ಚಿಯಲ್ಲಿ ಆಗಲೇ ಕೂತಿದ್ದರು, ಎರಡೂ ಮೊಣಕೈ ಮೇಜಿನ ಮೇಲೆ. ಮಾವ ಒಂದು ಗಳಿಗೆ ನಿಂತರು. ಕಟ್ಟನ್ನು ವಾಪಸು ತಂದು ಕಪಾಟಿನಲ್ಲೇ ಇಟ್ಟರು.

"ಮೊದಲ ಪುಟ ಇನ್ನೂ ಅಚ್ಚಾಗಿಲ್ಲ ಸ್ವಾಮಿ," ಮುದ್ರಕ ಕೆಮ್ಮಿದ. "ಹೆಸರು ಒಂದಾ, ಎರಡಾ?"

"ಮೂರು," ಎಂದ ಅಳಿಯ, ಅತ್ತೆಯ ಕಡೆ ನೋಡಿ.

"ಯೋಚನೆ ಮಾಡಿ ಹೇಳ್ತೀ..." ಎಂದು ಮಾವ ಬಾಯಿ ತೆಗೆದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅಕ್ಕಯ್ಯ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು ಇನ್ನೊಂದನ್ನು ಹಾಕದೆ ನಿಂತಳು.

ಮಾವ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಮೂರು," ಎಂದರು. "ಬೇಗ ಹೋಗಪ್ಪ ನೀನು. ಓಡು."