ಅಜ್ಜಿಯ ಮುಖದ ಮೇಲೆ ಪೆನ್ಸಿಲ್

"ಬಾಗ್ಲಾ ತೆಗೀಬ್ಯಾಡ್ರಿ!"

ಕಿರುಚಿದ ಮೇಲೇ ಪ್ರಭಾಗೆ ಗೊತ್ತಾಗಿದ್ದು, ತಾನು ಕಿರುಚಿದ್ದು ಕನ್ನಡದಲ್ಲಿ ಅಂತ.

ಹ್ಯೂಸ್ಟನ್‌ನ ಥರ್ಡ್ ವಾರ್ಡ್ ಬಡಾವಣೆಯ ಒಂದು ಹಳೇ ಮರದ ಮನೆ. ಅದರ ಹಿತ್ತಲ ಕಡೆ ಫೋಟೋ ತೊಳೆಯುವ ಡಾರ್ಕ್‌ರೂಮು. ಅಲ್ಲಿ ನಿಂತು ಕನ್ನಡದಲ್ಲಿ ಕೂಗಿದರೆ ಯಾರಿಗೆ ಅರ್ಥವಾಗಬೇಕು ಹೇಳಿ? ಹೊರಗೆ ಯಾರೋ ಬಾಗಿಲ ಹಿಡಿಕೆ ತಿರುಗಿಸುತ್ತಿದ್ದರು. ಒಳಗೆ ಕಗ್ಗತ್ತಲು. ಅವಳ ಬೆರಳುಗಳು ಡೆವಲಪರ್ ದ್ರಾವಣದ ತಟ್ಟೆಯಲ್ಲಿದ್ದವು. ಆ ತಟ್ಟೆಯಲ್ಲಿ ಅಂಗೈಯಗಲದ ಒಂದು ಫಿಲ್ಮು. ಆ ಫಿಲ್ಮಿನಲ್ಲಿ ಅವಳ ಅಜ್ಜಿ ಗಂಗವ್ವ.

ಬೆಳಕಿನ ಒಂದು ಎಳೆ ಒಳಗೆ ಬಂದರೂ ಸಾಕಿತ್ತು, ಅಜ್ಜಿ ಹೋದಂತೆ. ಮೂರು ವಾರದ ಹಿಂದೆ ಊರಿನಲ್ಲಿ ಒಮ್ಮೆ ಹೋಗಿದ್ದಳು. ಇನ್ನೊಂದು ಸಲ ಹೋದರೆ ತಡೆದುಕೊಳ್ಳುವ ಶಕ್ತಿ ಪ್ರಭಾಗೆ ಇರಲಿಲ್ಲ.

ಹಿಡಿಕೆ ನಿಂತಿತು.

"ಇಲ್ರಿ… ತೆಗಿಯೂದಿಲ್ಲ," ಅಂದಿತು ಹೊರಗಿನಿಂದ ಒಂದು ಗಂಡು ದನಿ.

ಅದೂ ಕನ್ನಡದಲ್ಲಿ! ಪ್ರಭಾ ಬಾಗಿಲ ಕಡೆ ತಿರುಗಿದಳು.

"ಯಾರ್ರಿ ನೀವು?"

"ಜಯಂತ ಅಂತ್ರಿ. ಎನ್‌ಲಾರ್ಜರ್ ರಿಪೇರಿಗೆ ಕರಸಿದ್ರು. ಇದು ಬಾತ್‌ರೂಮ್ ಅಂದ್ಕೊಂಡೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ತಟ್ಟೆಯ ನೆನಪಾಯಿತು. ಡೆವಲಪರ್‌ನಲ್ಲಿ ಇಷ್ಟೇ ಹೊತ್ತು ಇಡಬೇಕು ಅಂತ ಬಾಯಲ್ಲೇ ಎಣಿಸುತ್ತಿದ್ದಳು. ಗಾಬರಿಯಲ್ಲಿ ಎಣಿಕೆ ತಪ್ಪಿತ್ತು.

"ನಾ ಎಣಸೂದು ತಪ್ಪೇತ್ರಿ… ಒಳಗ ಏನೂ ಕಾಣ್ಸೂದಿಲ್ಲ…"

"ಗಾಬರಿ ಆಗಬ್ಯಾಡ್ರಿ. ಎಲ್ಲೀ ಮಟ ಎಣಿಸಿದ್ರಿ?"

"ಮೂರು ನಿಮಿಷ… ಇರಬೇಕು."

"ಇಲ್ಲಿಂದ ನಾ ಗಡಿಯಾರ ನೋಡಿ ಹೇಳ್ತೀನಿ. ತಟ್ಟಿ ಅಳ್ಳಾಡಸ್ಕೋತ ಇರ್ರಿ. ನಮ್ಮಪ್ಪಂದು ಹುಬ್ಬಳ್ಯಾಗ ಸ್ಟುಡಿಯೋ ಇತ್ತು. ಕತ್ತಲಿ ಖೋಲಿ ಬಾಗ್ಲಾ ತೆಗದು ಭಾಳ ಸಲ ಏಟು ತಿಂದೀನಿ."

ಅವನು ಹೊರಗೆ ನಿಂತು ನಿಮಿಷ ಹೇಳುತ್ತಾ ಹೋದ. ನಾಕು ಆತ್ರಿ. ಐದು ಆತ್ರಿ. ಅವಳು ಕತ್ತಲಲ್ಲಿ ಆ ದನಿಯನ್ನೇ ಹಿಡಿದುಕೊಂಡು ಕೆಲಸ ಮಾಡಿದಳು. ಎರಡು ವರ್ಷದಿಂದ ಈ ಊರಲ್ಲಿ ಯಾರೂ ಅವಳ ಜೊತೆ ಹೀಗೆ ಮಾತಾಡಿರಲಿಲ್ಲ.

ಕೊನೆಗೆ ದೀಪ ಹಾಕಿದಳು. ಫಿಲ್ಮನ್ನು ಎತ್ತಿ ಹಿಡಿದಳು. ಮಡಿಲಲ್ಲಿ ಬಟ್ಟೆ ತುಂಡುಗಳ ಕವದಿ ಹರಡಿಕೊಂಡು ಅಜ್ಜಿ ಕೂತಿದ್ದಳು. ಒಂದು ಗೆರೆಯೂ ಕೆಟ್ಟಿರಲಿಲ್ಲ.

ಕಣ್ಣೊರೆಸಿಕೊಂಡು ಬಾಗಿಲು ತೆರೆದಳು.

ಈಗ ಅವನ ಮುಖ ಏನು ಮಾಡುತ್ತದೆ? ಪ್ರಭಾ ಅದನ್ನೇ ಕಾಯುತ್ತಿದ್ದಳು. ಅವಳನ್ನು ಮೊದಲ ಸಲ ನೋಡಿದ ಕನ್ನಡದವರ ಮುಖ ಏನಾದರೂ ಒಂದು ಮಾಡೇ ಮಾಡುತ್ತಿತ್ತು. ಜಯಂತನ ಕಣ್ಣು ಅವಳನ್ನು ದಾಟಿ, ಖಾಲಿ ಕೋಣೆಯೊಳಗೆ ಹೋಗಿ, ಕನ್ನಡ ಮಾತಾಡಿದ ಹುಡುಗಿಗಾಗಿ ಹುಡುಕಿತು. ಆಮೇಲೆ ನಿಧಾನವಾಗಿ ಅವಳ ಹತ್ತಿರ ವಾಪಸ್ ಬಂತು. ಕಪ್ಪು ಮೈ, ಗುಂಗುರು ಕೂದಲು. ಅವನ ಕಿವಿ ಕೆಂಪಾಯಿತು.

'ಆಯ್ತು, ಇವನೂ ಅಷ್ಟೇ,' ಅಂದುಕೊಂಡಳು.

"ಹಳಿಯಾಳ ಕಡಿಯವರೇನ್ರಿ?" ಅಂದ ಅವನು.

ಅಷ್ಟೇ! ಎಲ್ಲರೂ 'ಆಫ್ರಿಕಾದಲ್ಲಿ ಯಾವ ದೇಶ' ಅಂತ ಕೇಳುತ್ತಿದ್ದರು. ಇವನು ತಾಲ್ಲೂಕು ಕೇಳಿದ್ದ.

"ಹೌದ್ರಿ. ಪ್ರಭಾ ಸಿದ್ದಿ."

ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿಯರು ಗೊತ್ತಲ್ಲ? ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ನೆಲದಲ್ಲೇ ಬೇರೂರಿದವರು. ಫೋಟೋಗ್ರಫಿ ಓದಲು ಹ್ಯೂಸ್ಟನ್ನಿಗೆ ಬಂದ ಪ್ರಭಾಳನ್ನು ಇಲ್ಲಿನ ಕನ್ನಡದವರು ಅಮೆರಿಕದ ಕರಿಯಳೋ ಆಫ್ರಿಕಾದವಳೋ ಇರಬೇಕು ಅಂದುಕೊಂಡರು. ಡಾರ್ಕ್‌ರೂಮಿದ್ದ ಆ ಮನೆಯ ಒಡತಿ ಮಿಸ್ ಅರ್ನೆಸ್ಟೀನ್ ಮಾತ್ರ ಮೊದಲ ದಿನವೇ ಅವಳ ಗಲ್ಲ ಹಿಡಿದು, "ನಿನ್ನನ್ನು ಎಲ್ಲೋ ನೋಡಿದ್ದೇನೆ ಬೇಬಿ, ನಮ್ಮತ್ತೆ ಮನೆಯಲ್ಲಿ ಇರಬೇಕು," ಅಂದಿದ್ದಳು. ಅರವತ್ತೆಂಟರ ಆ ನಿವೃತ್ತ ಟೀಚರಮ್ಮನೂ ಫೋಟೋಗ್ರಾಫರೇ. ಅವಳ ಸುತ್ತ ಕಪ್ಪು ಹೆಂಗಸರ ಒಂದು ಗುಂಪಿತ್ತು. ತಮ್ಮ ಅಮ್ಮಂದಿರನ್ನು, ಅಜ್ಜಿಯರನ್ನು, ಮನೆಯ ಮೂಲೆಯಲ್ಲಿ ಹಿರಿಯರಿಗೆ ಹಚ್ಚುವ ದೀಪಗಳನ್ನು ಅವರು ಫೋಟೋ ತೆಗೆಯುತ್ತಿದ್ದರು.

ಆ ವರ್ಷ, ಅಂದರೆ ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ, ಡಾಲಸ್‌ನಲ್ಲಿ ಗುಂಪಿನ ಪ್ರದರ್ಶನವಿತ್ತು. ಒಬ್ಬೊಬ್ಬರಿಗೆ ಒಂದೊಂದು ಮೂಲೆ, ಅಲ್ಲಿ ಅವರವರ ಮನೆಯ ಹಿರಿಯಳು. ಪ್ರಭಾಳ ಮೂಲೆಗೆ ಗಂಗವ್ವ. ಅರ್ನೆಸ್ಟೀನಳ ದೊಡ್ಡ ಕ್ಯಾಮೆರಾ ಹೊತ್ತು ಊರಿಗೆ ಹೋಗಿ ತೆಗೆದಿದ್ದು ಎರಡೇ ಫಿಲ್ಮು. ಒಂದಕ್ಕೆ ದಾರಿಯಲ್ಲೇ ಬೆಳಕು ಹೊಕ್ಕಿತ್ತು. ಉಳಿದದ್ದು ಇದೊಂದೇ.

ಸಿದ್ದಿಯರ ಮನೆಯ ಮೂಲೆಯಲ್ಲಿ ದೀಪ, ತೆಂಗಿನಕಾಯಿ ಇಟ್ಟು ಸತ್ತ ಹಿರಿಯರನ್ನು ಕರೆಯುತ್ತಾರೆ. "ಸತ್ತ ಮ್ಯಾಲೆ ನಾನೂ ಹಿರಿಯರ ಮೂಲ್ಯಾಗ ಬಂದು ಕುಂದರ್ತೀನಿ," ಅನ್ನುತ್ತಿದ್ದಳು ಅಜ್ಜಿ. "ಕರದ್ರ ಬರ್ತೀನಿ. ಆದ್ರ ನನ್ನ ಗುರ್ತು ಹಿಡದು ಕರೀಬೇಕು."

*

ಫೋಟೋ ದೊಡ್ಡದು ಮಾಡುವ ಆ ಎನ್‌ಲಾರ್ಜರ್ ಒಂದೇ ಭಾನುವಾರದಲ್ಲಿ ರಿಪೇರಿಯಾಯಿತು. ಜಯಂತ ಮಾತ್ರ ಪ್ರತಿ ಭಾನುವಾರವೂ ಬಂದ. ಏನಾದರೂ ನೆಪ ಬೇಕಲ್ಲ! ಸ್ಕ್ರೂ ಸಡಿಲಾಗಿದೆ ಅಂದ, ಲೆನ್ಸಿಗೆ ಧೂಳು ಹಿಡಿದಿದೆ ಅಂದ. ಅವನ ಮನೆ ಪಕ್ಕದ ಊರು ಪೇರ್ಲ್ಯಾಂಡ್‌ನಲ್ಲಿ, ಕೆಲಸ ಆಸ್ಪತ್ರೆಗಳ ಎಕ್ಸ್-ರೇ ಯಂತ್ರ ನೋಡಿಕೊಳ್ಳುವುದು. ಬರುವಾಗ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅರ್ನೆಸ್ಟೀನ್ ಅದನ್ನು ತನ್ನ ಬೀನ್ಸ್ ಸಾರಿನ ಜೊತೆ ತಿಂದು, "ಈ ಹುಡುಗನಿಗೆ ಇನ್ನೂ ಏನಾದರೂ ಕೆಡಿಸಿ ಇಡು ಬೇಬಿ," ಅಂತ ಕಣ್ಣು ಮಿಟುಕಿಸುತ್ತಿದ್ದಳು.

ಒಂದು ಭಾನುವಾರ ಅವನು ಚಟ್ನಿ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ತೆಗೆಯಲಿಲ್ಲ, ಹಾಕಲಿಲ್ಲ.

"ನಿಮ್ದೊಂದು ಫೋಟೋ ಕೊಡ್ತೀರೇನ್ರಿ? ನಮ್ಮವ್ವಗ ಕಳಸ್ಬೇಕು."

ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಹಿಗ್ಗಾಯಿತು, ಅದರ ಹಿಂದೆಯೇ ಹೆದರಿಕೆ.

"ನೋಡೂಣ್ರಿ," ಅಂದಳು.

ಏಪ್ರಿಲ್ ಕೊನೆಯಲ್ಲಿ ಕಾಲೇಜಿನ ಕೆಲಸಕ್ಕೆ ನಾಲ್ಕು ದಿನ ಆಸ್ಟಿನ್ನಿಗೆ ಹೋಗಬೇಕಾಯಿತು. ಅಜ್ಜಿಯ ನೆಗೆಟಿವ್ ಮೇಲೆ ಒಂದೆರಡು ಧೂಳಿನ ಚುಕ್ಕಿ ಇದ್ದವು. ಅದನ್ನು ಕವರಿನಲ್ಲಿಟ್ಟು ಜಯಂತನ ಕೈಗೆ ಕೊಟ್ಟಳು. "ಧೂಳು ಅಷ್ಟ ತಗೀರಿ. ನಿಮ್ಮ ಕೈ ಹಗರ ಐತಿ."

ಬೇರೆ ಯಾರ ಕೈಗೂ ಅವಳು ಅದನ್ನು ಕೊಡುತ್ತಿರಲಿಲ್ಲ.

ವಾಪಸ್ ಬಂದಾಗ ಮೇಜಿನ ಮೇಲೆ ದೊಡ್ಡ ಪ್ರಿಂಟ್ ಕಾಯುತ್ತಿತ್ತು. ಜಯಂತ ಪಕ್ಕದಲ್ಲಿ ನಿಂತಿದ್ದ, ಮುಖದ ತುಂಬ ಹಿಗ್ಗು.

"ಮೂರು ದಿನ ಕುಂತು ಮಾಡೀನ್ರಿ. ಅಜ್ಜಿ ಮುಖ ಎದ್ದು ಬಂದೈತಿ ನೋಡ್ರಿ."

ಪ್ರಭಾ ನೋಡಿದಳು.

ಕವದಿ ಅಜ್ಜಿಯದೇ. ಕೈ ಅಜ್ಜಿಯದೇ. ಕೈಗಿಂತ ಮುಖ ಬೆಳ್ಳಗಿತ್ತು. ಹಣೆಯ ನಾಲ್ಕು ಗೆರೆ ಇರಲಿಲ್ಲ, ಕಣ್ಣ ಕೆಳಗಿನ ನೆರಳಿರಲಿಲ್ಲ. ಮೂಗಿನ ಅಗಲ ಕೂಡ ಕಡಿಮೆಯಾದ ಹಾಗಿತ್ತು. ಯಾರೋ ಒಬ್ಬ ಹೆಂಗಸು ಅಜ್ಜಿಯ ಸೀರೆ ಉಟ್ಟು ಕೂತಿದ್ದಳು.

"ಏನ್ ಮಾಡೀರಿ ಇದನ್ನ?"

"ಟಚಪ್ ಮಾಡೀನ್ರಿ. ನೆಗೆಟಿವ್ ಮ್ಯಾಲೆ ಪೆನ್ಸಿಲ್ ಆಡಿಸಿದ್ರ ಪ್ರಿಂಟ್‌ದಾಗ ಅಲ್ಲಿ ಬೆಳ್ಳಗ ಬರತೈತಿ. ನಮ್ಮಪ್ಪ ಕಲಿಸಿದ್ದು. ಹುಬ್ಬಳ್ಯಾಗ ಮದುವಿ ಹುಡುಗ್ಯಾರ ಫೋಟೋ ಎಲ್ಲಾ…"

ಪ್ರಭಾ ಪ್ರಿಂಟಿನಿಂದ ಕಣ್ಣೆತ್ತಿದಳು.

"ನೆಗೆಟಿವ್ ಮ್ಯಾಲೆನ? ಆ ಒಂದ ನೆಗೆಟಿವ್ ಮ್ಯಾಲೆ?"

"ತಗೀಬಹುದ್ರಿ, ನಾ ವಾರ್ನಿಶ್ ಹಚ್ಚಿ ಅದರ ಮ್ಯಾಲೆ ಪೆನ್ಸಿಲ್ ಆಡಿಸೀನಿ…"

"ಮುಟ್ಟಬ್ಯಾಡ್ರಿ." ಪ್ರಭಾ ನೆಗೆಟಿವನ್ನು ತನ್ನ ಕಡೆ ಎಳೆದುಕೊಂಡಳು. "ಹತ್ತನೇತ್ತಾ ಪರೀಕ್ಷಾದಾಗ ನನ್ನ ಎಬ್ಬಿಸಿ ನಿಂದ್ರಿಸಿದ್ರು, ಗೊತ್ತೇನ್ರಿ? ಹಾಲ್ ಟಿಕೆಟ್ ಫೋಟೋ ಸ್ಟುಡಿಯೋದವ ಹಿಂಗ ಬೆಳ್ಳಗ ಮಾಡಿ ಕೊಟ್ಟಿದ್ದ. ಇದು ನೀ ಅಲ್ಲ, ಹೊರಗ ಹೋಗು ಅಂದ್ರು. ಇದ ಅಜ್ಜಿ ಹೊಲದಿಂದ ಓಡಿ ಬಂದು ಹೆಡ್‌ಮಾಸ್ತರ ಮುಂದ ನಿಂತು, ಫೋಟೋ ಸುಳ್ಳು, ನನ್ನ ಮೊಮ್ಮಗಳು ಖರೆ ಅಂದ್ಲು. ಅವತ್ತ ಅನ್ಕೊಂಡೆ, ನಮ್ಮ ಫೋಟೋ ನಾನ ತೆಗೀತೀನಿ ಅಂತ. ಅಂಥಾಕಿ ಮುಖಕ್ಕ ನೀವು ಪೆನ್ಸಿಲ್ ಹಚ್ಚೀರಿ!"

"ಪ್ರಭಾ…"

"ನಿಮ್ಮವ್ವಗ ನನ್ನ ಫೋಟೋ ಕೇಳಿದ್ರಲ್ಲಾ. ಅದಕ್ಕೂ ಹಿಂಗ ಮಾಡಿ ಕಳಸವ್ರಿದ್ರೇನು?"

ಜಯಂತ ಬಾಯಿ ತೆರೆದ. ಉತ್ತರ ಬರಲಿಲ್ಲ. ಯಾಕೆಂದರೆ ಅವನಿಗೇ ಗೊತ್ತಿರಲಿಲ್ಲ. ಕೈ ತಾನಾಗಿಯೇ ಮಾಡಿಬಿಡುತ್ತಿತ್ತೇನೋ… ಆ ಯೋಚನೆಗೆ ಅವನೇ ಬೆಚ್ಚಿದ್ದ.

ಪ್ರಭಾ ಆ ಮೌನಕ್ಕೆ 'ಹೌದು' ಅಂತ ಅರ್ಥ ಮಾಡಿಕೊಂಡಳು. ಬಾಗಿಲ ಕಡೆ ಕೈ ತೋರಿಸಿದಳು.

*

ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು.

ಪ್ರಭಾ ನೆಗೆಟಿವ್ ಮುಂದೆ ಕೂತಳು. ಹತ್ತಿ ತಗೊಂಡಳು, ಕೆಳಗಿಟ್ಟಳು. ಎಲ್ಲಿ ಪೆನ್ಸಿಲ್, ಎಲ್ಲಿ ಅಜ್ಜಿ, ಅವಳಿಗೆ ಕಾಣುತ್ತಲೇ ಇರಲಿಲ್ಲ. ಸ್ವಲ್ಪ ಜೋರಾಗಿ ತಿಕ್ಕಿದರೆ ಮುಖವೇ ಕಿತ್ತು ಬರುತ್ತಿತ್ತು. ಅರ್ನೆಸ್ಟೀನಳಿಗೆ ಕೈ ನಡುಗುವ ಕಾಯಿಲೆ. ಮೂಲೆ ಖಾಲಿ ಬಿಡುವುದು ಅಂತ ಪ್ರಭಾ ತೀರ್ಮಾನ ಮಾಡಿದಳು. ಸುಳ್ಳು ಮುಖ ಇಟ್ಟು ಕರೆದರೆ ಅಜ್ಜಿ ಬರುವುದಿಲ್ಲ.

ಐದನೇ ದಿನ ಬೆಳಿಗ್ಗೆ ಅರ್ನೆಸ್ಟೀನಳ ಮನೆಯ ಆನ್ಸರಿಂಗ್ ಮಷಿನ್‌ನಲ್ಲಿ ಜಯಂತನ ದನಿ ಇತ್ತು.

"ಪ್ರಭಾ, ನಿನ್ನೆ ಅವ್ವಗ ಫೋನ್ ಮಾಡಿದ್ದೆ. ಎಲ್ಲಾ ಹೇಳಿದೆ. ಅವ್ವ ಅಂದ್ಲು, 'ನಾನೂ ಕಪ್ಪ ಇದ್ದೆ. ನಮ್ಮ ಮದುವಿ ಫೋಟೋಕ್ಕ ನಿಮ್ಮಪ್ಪ ಎಂಟು ದಿನ ಪೆನ್ಸಿಲ್ ಹಚ್ಚಿದ್ರು, ಪ್ರೀತೀಲೆ. ಮೂವತ್ತೈದು ವರ್ಷ ಗ್ವಾಡಿ ಮ್ಯಾಲೆ ಐತಿ. ಅವರ ಬಾಜೂಕ ನಿಂತಾಕಿ ಯಾರಂತ ಇವತ್ತಿಗೂ ನನಗ ಗೊತ್ತಿಲ್ಲ.' … ನಾ ಅದನ್ನ ನೋಡ್ಕೋತ ಬೆಳದೀನಿ, ಪ್ರಭಾ. ಅವ್ವಗ ಒಮ್ಮೆರ ಕೇಳಲಿಲ್ಲ. ಅಷ್ಟ ಹೇಳಬೇಕಿತ್ತು."

ಪ್ರಭಾ ಮೂರು ಸಲ ಕೇಳಿದಳು.

"ಏನಂತೆ? ಕ್ಷಮಿಸು ಅಂದನಾ?" ಅರ್ನೆಸ್ಟೀನ್ ಅಡುಗೆಮನೆಯಿಂದ ಕೇಳಿದಳು.

"ಇಲ್ಲ. ಅವರಮ್ಮನ ಫೋಟೋ ಬಗ್ಗೆ ಹೇಳಿದ." ಪ್ರಭಾ ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ಮುದುಕಿ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. "ಕ್ಷಮಿಸು ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ಆದರೆ ಆ ಮುಖ ನಿನ್ನ ಅಜ್ಜಿಯದು ಬೇಬಿ. ತೀರ್ಮಾನ ನಿನ್ನದೇ."

ಮಧ್ಯಾಹ್ನ ಪ್ರಭಾ ಪೇರ್ಲ್ಯಾಂಡ್‌ಗೆ ಡ್ರೈವ್ ಮಾಡಿದಳು. ಬಾಗಿಲು ತೆರೆದ ಜಯಂತನ ಗಡ್ಡ ಬೆಳೆದಿತ್ತು. ಅವಳು ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಮಾತಾಡಿದಳು.

"ಎಲ್ಲೆಲ್ಲಿ ಹಚ್ಚೀರಿ ಅಂತ ನಿಮ್ಮ ಕೈಗೆ ಅಷ್ಟ ಗೊತ್ತು. ನೀವ ಹಚ್ಚೀರಿ, ನೀವ ತಗೀರಿ. ನಾ ಬಾಜೂಕ ಕುಂದರ್ತೀನಿ."

"ನನ್ನ ಕೈ ಮ್ಯಾಲೆ ನಂಬಿಕಿ ಐತೇನ್ರಿ?"

"ಇಲ್ಲ," ಅಂದಳು ಪ್ರಭಾ. "ಆದ್ರ ಅವತ್ತು ನೀವು ಬಾಗ್ಲಾ ತೆಗೀಲಿಲ್ಲ. ಅದನ್ನ ನಂಬಿ ಬಂದೀನಿ."

ಕಿಟಕಿಯ ಹತ್ತಿರ ಕೆಳಗಿನಿಂದ ಬೆಳಕು ಬೀಳುವ ಗಾಜು, ಭೂತಕನ್ನಡಿ, ವಾರ್ನಿಶ್ ಕರಗಿಸುವ ಟರ್ಪೆಂಟೈನ್, ಕಡ್ಡಿಗೆ ಸುತ್ತಿದ ಹತ್ತಿ. ಅವನು ಮೊದಲ ಸಲ ಹತ್ತಿ ತಾಗಿಸಿದಾಗ ಅವಳು ತನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ಅವನ ಹಣೆಯಲ್ಲಿ ಬೆವರು. ಒಂದು ಗಂಟೆ ಹಿಡಿಯಿತು.

ಹಣೆಯ ಮೊದಲ ಗೆರೆ ಬಂತು. ಎರಡನೆಯದು ಬಂತು.

"ಈ ಗೆರಿ ಯಾವಾಗ ಬಂತ್ರಿ?" ಮೆಲ್ಲಗೆ ಕೇಳಿದ ಅವನು.

"ಅಜ್ಜ ಸತ್ತಾಗ, ಅಂತಿದ್ಲು."

"ಇದು?"

"ಅದು ನಾ ಅಮೆರಿಕಾಕ್ಕ ಬರೂವಾಗ."

ಅವನ ಕೈ ನಿಂತಿತು. ಕಣ್ಣು ತುಂಬಿದ್ದವು, ಹನಿ ಫಿಲ್ಮಿನ ಮೇಲೆ ಬೀಳಬಾರದು ಅಂತ ಮುಖ ಪಕ್ಕಕ್ಕೆ ತಿರುಗಿಸಿದ. "ನಾ ಇವನ್ನೆಲ್ಲಾ ಅಳಿಸಿದ್ನಲ್ರಿ."

ಪ್ರಭಾ ತನ್ನ ದುಪಟ್ಟಾದಿಂದ ಅವನ ಕಣ್ಣೊರೆಸಿದಳು. "ಇನ್ನೂ ಕಣ್ಣಿನ ಕೆಳಗ ಉಳದೈತಿ. ಮಾಡ್ರಿ."

ಸಂಜೆ ಹೊತ್ತಿಗೆ ಗಂಗವ್ವ ಪೂರ್ತಿ ವಾಪಸ್ ಬಂದಿದ್ದಳು. 'ಏನ್ ಬೇಕು ನಿಂಗ?' ಅಂತ ಗದರುವ ಅದೇ ಮುಖ. ಪ್ರಭಾ ಆ ಪುಟ್ಟ ಫಿಲ್ಮನ್ನು ಕವರಿನಲ್ಲಿಟ್ಟು ಹಣೆಗೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟಳು. ಅಜ್ಜಿ ಸತ್ತ ಮೇಲೆ ಅವಳು ಹಾಗೆ ಅತ್ತಿದ್ದು ಅದೇ ಮೊದಲು. ಜಯಂತ ಹತ್ತಿ, ಟರ್ಪೆಂಟೈನ್ ಎತ್ತಿಟ್ಟು ಪಕ್ಕದಲ್ಲಿ ಕೂತ.

*

ಡಾಲಸ್‌ನ ಆ ಹಾಲಿನ ಮೂಲೆಯಲ್ಲಿ ಕವದಿ ಹಾಸಿ, ದೀಪ ಹಚ್ಚಿ, ತೆಂಗಿನಕಾಯಿ ಇಟ್ಟಿದ್ದರು. ಮೇಲೆ ಗೋಡೆಯ ತುಂಬ ಗಂಗವ್ವ, ಎಷ್ಟು ಕಪ್ಪಗಿದ್ದಳೋ ಅಷ್ಟೇ ಕಪ್ಪಗೆ. ಯಾರೋ ವಯಸ್ಸಾದ ಕಪ್ಪು ಹೆಂಗಸು ಚರ್ಚಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಫೋಟೋದ ಮುಂದೆ ಬಹಳ ಹೊತ್ತು ನಿಂತಳು. "ನಮ್ಮ ದೊಡ್ಡಮ್ಮ," ಅಂದಳು ತನ್ನಷ್ಟಕ್ಕೆ.

'ಬಂದೀಯೇನಬೇ?' ಅಂತ ಮನಸ್ಸಿನಲ್ಲೇ ಕೇಳಿದಳು ಪ್ರಭಾ. ಅಜ್ಜಿ ಬಂದಿದ್ದಳು. ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಜಯಂತ ದೂರದಲ್ಲಿ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬಂದಿರಲಿಲ್ಲ. ಅವಳೇ ಹೋದಳು.

"ಯಾಕ ಹೊರಗ ನಿಂತೀರಿ?"

"ನೀವು ಹೇಳೂ ಮಟ ಬರಬಾರದಂತ ಮಾಡೀನ್ರಿ."

"ಈಗ ಹೇಳಾಕತ್ತೀನಿ. ಒಳಗ ಬರ್ರಿ."

ಅವಳು ಪರ್ಸಿನಿಂದ ಒಂದು ಸಣ್ಣ ಫೋಟೋ ತೆಗೆದು ಅವನ ಅಂಗೈಯಲ್ಲಿಟ್ಟಳು. ಮೊನ್ನೆ ತಾನೇ ತೆಗೆದುಕೊಂಡಿದ್ದು. ಕಪ್ಪು ಮುಖ, ಅರ್ಧ ನಗು, ಗಲ್ಲದ ಮೇಲೆ ಹಳೇ ಗಾಯದ ಕಲೆ.

"ಅವ್ವಗ ಕಳಸ್ರಿ."

ಅವನು ಬಹಳ ಹೊತ್ತು ನೋಡಿದ. ಈ ಸಲ ಅವನ ಕಣ್ಣು ಎಲ್ಲೂ ದಾಟಿ ಹೋಗಲಿಲ್ಲ.

"ನೀವಂದ್ರ ನನಗ ಭಾಳ ಇಷ್ಟ, ಪ್ರಭಾ. ಹಿಂಗ… ಇದ್ದಂಗ."

"ಗೊತ್ತೈತಿ," ಅಂದಳು ಅವಳು. ಮತ್ತೆ ತುಟಿ ಕಚ್ಚಿಕೊಂಡು ಕೇಳಿದಳು, "ಪೆನ್ಸಿಲ್ ಎಲ್ಲೈತಿ?"

"ಕಿಸೇದಾಗ ಐತ್ರಿ."

"ಯಾಕ?"

"ಅವ್ವನ ಅಡ್ರೆಸ್ ಬರಿಯಾಕ."