ನಟ್ ಹಿಡಿದವರು

ಸ್ಪೋರ್ಟ್ಸ್ ಕಾರಿನ ರೇಡಿಯೇಟರ್‌ಗೆ ಕಲ್ಲು ಬಡಿಯದಂತೆ ಜಾಲರಿ ಕೂರಿಸುವುದು ಇಬ್ಬರ ಕೆಲಸ. ನಾನು ಮುಂದಿನಿಂದ ಸ್ಕ್ರೂ ತಿರುಗಿಸುತ್ತೇನೆ. ಭಾವ ಕಾರಿನಡಿ ಮಲಗಿ, ನಟ್ ಸುತ್ತದಂತೆ ಹಿಂದಿನಿಂದ ಹಿಡಿಯುತ್ತಾರೆ.

ಆವತ್ತು ಮಟಮಟ ಮಧ್ಯಾಹ್ನ. "ಭಾವಾ, ಹಿಡ್ಕೊಂಡ್ರಾ?" ಅಂದೆ. ಉತ್ತರ ಬರಲಿಲ್ಲ, ನಟ್ ಮಾತ್ರ ಬಿಗಿಯಿತು. ಹೀಗೇ ನಾಲ್ಕೂ ಸ್ಕ್ರೂ ಕೂತವು. ಇಂಜಿನ್ ಸುಡುತ್ತಿದ್ದರೂ ಜಾಲರಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಅಷ್ಟರಲ್ಲಿ ಭಾವ ಎರಡು ಲೋಟ ಚಹಾ ಹಿಡಿದು ಬೀದಿಯಿಂದ ಗ್ಯಾರೇಜಿನೊಳಗೆ ಬಂದರು. "ಒಬ್ಬನೇ ಹೆಂಗೋ ಮುಗಿಸ್ದೆ?"

ಇಬ್ಬರೂ ಬಗ್ಗಿ ನೋಡಿದೆವು. ಕಾರಿನಡಿ ಯಾರೂ ಇರಲಿಲ್ಲ.

"ಬಿಚ್ಚಿಬಿಡು," ಎಂದರು ಭಾವ, ನನ್ನ ಪಕ್ಕದಲ್ಲೇ ನಿಂತು.

ಹಿಂದೆ ಹಿಡಿಯುವವರಿಲ್ಲದಿದ್ದರೆ ಸ್ಕ್ರೂ ಜೊತೆ ನಟ್ಟೂ ಸುತ್ತುತ್ತದೆ, ಬಿಚ್ಚಲು ಬರುವುದಿಲ್ಲ. ನಾನು ತಿರುಗಿಸಿದೆ. ಸ್ಕ್ರೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೈಗೆ ಬಂತು.